ಹಿತ್ತಾಳೆಯ ನಲ್ಲಿ

ನಾನು ಓದು ಕಲಿತದ್ದೇ ತಲೆಕೆಳಗಾಗಿ.
ಹನ್ನೊಂದು ವರ್ಷ ಆಗ; ಪೋರ್ತೊ ಊರಿನ
ಹೊಳೆದಂಡೆಯ ಅಚ್ಚುಕೂಟದಲ್ಲಿ
ಸೀಸದ ಮೊಳೆ ಹೆಕ್ಕಿ ಹೆಕ್ಕಿ ಜೋಡಿಸುವ ಕೆಲಸ.
ಹೊಟ್ಟೆ ಎಡಕ್ಕಿದ್ದ ಅಕ್ಷರ ಬಲಕ್ಕೆ ಹೊರಳಿ
ಕಾಲು ಆಕಾಶಕ್ಕೆತ್ತಿ ಮಲಗಿರುತ್ತಿತ್ತು.
ಹಾಗೆಯೇ ಓದಬೇಕು. ಎಬ್ಬಿಸಿ ನಿಲ್ಲಿಸಿ
ಓದಲು ಹೋದವನಿಗೆ ಸಂಜೆಯೊಳಗೆ ಲೆಕ್ಕ ಚುಕ್ತಾ.

ಹಾಗಾಗಿ ಅದೆರಿತೊ ಕಿಂತೆಲಾನ ಬರಹ
ಕೈಗೆ ಬಂದಾಗ ನನಗೇನೂ ಕಷ್ಟವಾಗಲಿಲ್ಲ.
ಮೀನಂಗಡಿಯ ಚೀಟಿಗಳ ಬೆನ್ನ ಮೇಲೆ
ಬರೆದು ತರುತ್ತಿದ್ದ. ಅಲ್ಪವಿರಾಮಕ್ಕೂ
ಉಪ್ಪುಮೀನಿನ ವಾಸನೆ.

ಆ ವರ್ಷ ನಗರಸಭೆ ಚೌಕದಲ್ಲಿ ಕಾರಂಜಿ ಕಟ್ಟಿಸಿತ್ತು:
ನಾಲ್ಕು ಅಮೃತಶಿಲೆಯ ಕುದುರೆ, ಬಾಯಿ ತೆರೆದು.
ಕೊಳವೆಯ ದುಡ್ಡು ಮಾತ್ರ ಬೇರೆಲ್ಲೋ ಹರಿದುಹೋಗಿತ್ತು.
ಅದೆರಿತೊ ಬೈಯಲಿಲ್ಲ. ಹೊಗಳಿದ.

‘ಅಧ್ಯಕ್ಷರೇ, ಧನ್ಯರು ನಾವು.
ಬೇರೆ ಊರಿನ ಕಾರಂಜಿ ದಾರಿಹೋಕರ ಬೂಟು ನೆನೆಸುತ್ತದೆ,
ನೆಗಡಿ ತರುತ್ತದೆ, ಪಾರಿವಾಳಗಳಿಗೆ
ಪುಕ್ಕಟೆ ಸ್ನಾನದ ಚಟ ಹತ್ತಿಸುತ್ತದೆ.
ನಮ್ಮದು ಸಂಯಮಿ. ನಮ್ಮ ಕುದುರೆಗಳು
ಬಾಯಾರಿಕೆ ತಡೆದುಕೊಳ್ಳುವ ಬಗೆಯನ್ನು
ಪ್ರಜೆಗಳಿಗೆ ಹಗಲಿರುಳು ಬೋಧಿಸುತ್ತಿವೆ.’

ನೀಲಿ ಪೆನ್ಸಿಲಿನ ಅಧಿಕಾರಿ ಎರಡು ಸಲ ಓದಿದ.
‘ನೆಗಡಿ’ಯ ಕೆಳಗೆ ಗೆರೆ ಎಳೆದ,
ಊರಿನ ಆರೋಗ್ಯದ ಅಪಪ್ರಚಾರವಾದೀತೆಂದು;
ಆಮೇಲೆ ಅದನ್ನೂ ಅಳಿಸಿ ಮೊಹರು ಒತ್ತಿದ.

ಅಧ್ಯಕ್ಷರಿಗೆ ಎಷ್ಟು ಹಿಡಿಸಿತೆಂದರೆ
ಕತ್ತರಿಸಿ, ಗಾಜು ಹಾಕಿಸಿ, ಕಚೇರಿ ಗೋಡೆಗೆ ತೂಗಿಸಿದರು.
ಅದೆರಿತೊಗೆ ಒಂದು ಸೀಸೆ ದ್ರಾಕ್ಷಾರಸ ಬಂತು.
ಹಳೆಯದು. ಒಳ್ಳೆಯದು.
ಇಬ್ಬರೂ ಕುಡಿದೆವು. ಕುಡಿಯುತ್ತ ಕುಡಿಯುತ್ತ
ಅವನು ಅಂಗಿಯೊಳಗೇ ಸಣ್ಣಗಾದ.
‘ಆನೆಗೆ ಈಟಿ ಎಸೆದೆ’ ಅಂದ,
‘ಬೆನ್ನು ತುರಿಸಿದ್ದಕ್ಕೆ ಇನಾಮು ಕೊಟ್ಟಿತು.’

ಗುರುವಾರ ರಾತ್ರಿ ಬಾಗಿಲು ಸದ್ದಾಯಿತು.
ಬೆಲ್ಮೀರು, ನೀರು ಇಲಾಖೆಯ ಉಗ್ರಾಣದ ಗುಮಾಸ್ತ,
ಟೋಪಿ ಕೈಯಲ್ಲಿ, ಕಂಕುಳಲ್ಲಿ
ನಮ್ಮದೇ ಪತ್ರಿಕೆ ಸುತ್ತಿದ ಪೊಟ್ಟಣ.
‘ಯಾರು ಹೇಳಿದರು ನಿಮಗೆ?’
ಏನನ್ನು, ಅಂದೆವು.
ಬಿಚ್ಚಿದ. ಒಂದು ಹಿತ್ತಾಳೆಯ ನಲ್ಲಿ.
ಮಗಳ ಮದುವೆಯ ವರ್ಷ ಉಗ್ರಾಣದಿಂದ ತಂದದ್ದಂತೆ,
ಈಗಷ್ಟೇ ಅಡುಗೆಮನೆಯಿಂದ ತಿರುಚಿ ಕಿತ್ತದ್ದಂತೆ.
‘ತೂತಿಗೆ ಬಿರಡೆ ತುರುಕಿ ಬಂದಿದ್ದೇನೆ.
ಹೆಂಡತಿ ಹೆಬ್ಬೆರಳು ಒತ್ತಿಕೊಂಡು ನಿಂತಿದ್ದಾಳೆ.
ಮುಂದಿನ ವಾರ ಹೆಸರು ಹಾಕಬೇಡಿ, ಸ್ವಾಮಿ.’

ಕುಂಬಳಕಾಯಿ ಹೊತ್ತವನು ಗೋಡೆಗೆ ಗಾಜು ಹಾಕಿಸಿಕೊಂಡ;
ಹೆಗಲು ಮುಟ್ಟಿಕೊಂಡು ಬಂದವನು
ಒಂದು ಬೀಜ ಕದ್ದವನು.
ಅದೆರಿತೊ ನಗಲೆಂದು ಬಾಯಿ ತೆರೆದ.
ಆ ಕುದುರೆಗಳ ಹಾಗೆ ತೆರೆದೇ ಇತ್ತು.

ಮುಂದಿನ ವಾರ ಅವನ ಜಾಗದಲ್ಲಿ
ಸಾಬೂನಿನ ಜಾಹೀರಾತು ಜೋಡಿಸಿದೆ.
ಅದರ ಮುಂದಿನ ವಾರ ಮತ್ತೆ ಚೀಟಿ ತಂದ:
ಊರಿನಲ್ಲಿ ಕಳವಾದ ವಸ್ತುಗಳ ಪಟ್ಟಿ,
ಮೊದಲ ಹೆಸರು ತನ್ನದೇ,
ಕಾಫಿ ಅಂಗಡಿಯ ಒಂದು ಚಮಚ.
ನಲ್ಲಿಯ ಸುದ್ದಿ ಎತ್ತಿರಲಿಲ್ಲ. ಕೊನೆಯ ಸಾಲು ಖಾಲಿ,
ಬೇಕಾದವರು ತುಂಬಿಕೊಳ್ಳಲೆಂದು.
ನೀಲಿ ಪೆನ್ಸಿಲು ಅದನ್ನು ಪೂರ್ತಿ ಹೊಡೆದುಹಾಕಿತು,
ಖಾಲಿ ಸಾಲನ್ನು ಎರಡು ಸಲ.

ಅದೆರಿತೊ ಕೆಮ್ಮಿ ಕೆಮ್ಮಿ ಹೋಗಿ ಬಹಳ ಕಾಲವಾಯಿತು.
ಬೆಲ್ಮೀರು ನಲ್ಲಿ ವಾಪಸು ಒಯ್ಯಲೇ ಇಲ್ಲ;
ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ.
ವಿಡಂಬನೆ ಅಂದರೇನು ಅಜ್ಜ,
ಎಂದು ಕೇಳುವ ಹುಡುಗರಿಗೆ ಹೇಳಲು
ನನ್ನ ಬಳಿ ಲಕ್ಷಣವಿಲ್ಲ, ಸೂತ್ರವಿಲ್ಲ.
ನಲ್ಲಿಯನ್ನು ಅವರ ಕಡೆ ತಳ್ಳಿ, ತಿರುಗಿಸಿ ಅನ್ನುತ್ತೇನೆ.
ತಿರುಗಿಸುತ್ತಾರೆ, ಕೆಳಗೆ ಬೊಗಸೆ ಒಡ್ಡುತ್ತಾರೆ,
ಮುದುಕನಿಗೆ ಅರಳುಮರಳೆಂದು ನಗುತ್ತಾರೆ.

ಹೋದ ಚಳಿಗಾಲ ಒಬ್ಬಳು ಬಂದಿದ್ದಳು, ಫೆಲಿಸ್ಮೀನಾ,
ಮೀನುಗಾರ್ತಿಯ ಮೊಮ್ಮಗಳು. ತಿರುಗಿಸಿದಳು.
ಸುಮ್ಮನೆ ನೋಡಿದಳು.
ಒಣ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

ನಾಳೆ ಬೇಗ ಬಾ ಅಂದೆ.